ಹಿಂಬದಿ ನೋಡದೆ ಕೊಂಡ ರತ್ನಗಂಬಳಿ

ನಾನು ಆಡಿಟರ್. 26 ವರ್ಷದಿಂದ ಊರವರ ಲೆಕ್ಕ ನೋಡುವುದೇ ನನ್ನ ಕೆಲಸ. ಯಾರಾದರೂ ಚೆಂದದ ಬ್ಯಾಲೆನ್ಸ್ ಶೀಟ್ ಮುಂದಿಟ್ಟರೆ ನನ್ನ ಬಾಯಿಂದ ಬರುವ ಮೊದಲ ಮಾತು ‘ವೋಚರ್ ಎಲ್ಲಿದೆ?’ ಅಂತಲೇ. ಇಂಥವಳು ಒಂದು ಶನಿವಾರ ಸಂಜೆ ಅಂಗಡಿಯವರು ಕೊಟ್ಟ ಏಲಕ್ಕಿ ಚಹಾ ಕುಡಿದು, 38,000 ರೂಪಾಯಿ ಎಣಿಸಿ, ‘80 ವರ್ಷ ಹಳೆಯ ಪರ್ಷಿಯನ್’ ಕಾರ್ಪೆಟ್ ಒಂದನ್ನು ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ಬಂದೆ.

ಹಿಂಬದಿ ನೋಡಲಿಲ್ಲ ಅಂತಲ್ಲ. ತಿರುಗಿಸಿದೆ. ಅಲ್ಲಿ ದಪ್ಪನೆಯ ಖಾಕಿ ಬಟ್ಟೆ ಹೊಲಿದಿತ್ತು. ‘ಹಳೇದಲ್ವಾ ಮೇಡಂ, ಗಟ್ಟಿಯಾಗಿರಲಿ ಅಂತ ಲೈನಿಂಗ್ ಕೊಟ್ಟಿದ್ದೇವೆ’ ಅಂದರು. ಸರಿ ಅಂದೆ. ಬಿಲ್ಲಿನಲ್ಲಿ ‘ಕಾರ್ಪೆಟ್ – 1’ ಅಂತ ಮಾತ್ರ ಬರೆದಿತ್ತು. ನನ್ನ ಕಚೇರಿಯ ಹುಡುಗರು ಇಂಥ ಬಿಲ್ ಪಾಸ್ ಮಾಡಿದ್ದರೆ ಅವತ್ತು ಅವರ ಕಥೆ ಬೇರೆಯೇ ಆಗುತ್ತಿತ್ತು.

ಕಾರ್ಪೆಟ್ ಬೇಕಾದದ್ದು ಅವ್ವನ ಮಂಡಿಗಾಗಿ. ಧಾರವಾಡದ ಮನೆಯಲ್ಲಿ ಕಡಪಾ ಕಲ್ಲಿನ ನೆಲ. ಅದರ ಮೇಲೆ ಓಡಾಡಿ ಬೆಳೆದವಳು ಬೆಂಗಳೂರಿನ ನಮ್ಮ ಫ್ಲಾಟಿಗೆ ಬಂದ ಮೇಲೆ ಈ ಹೊಳೆಯುವ ಟೈಲ್ಸಿಗೆ ಕಾಲಿಡಲೇ ಹೆದರುತ್ತಿದ್ದಳು. ಡಿಸೆಂಬರಿನಲ್ಲಂತೂ ನೆಲ ಐಸು. ಕಾರ್ಪೆಟ್ ಬಿಚ್ಚಿ ಹಾಸಿದೆ. ಅವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು. ‘ಅಲ್ಲವಾ, ಇಷ್ಟು ರೊಕ್ಕಾ ಕೊಟ್ಟು ಹಳೇದು ತಂದಿಯಲ್ಲ, ಹೊಸಾದು ಸಿಗಲಿಲ್ಲೇನು?’

ಮುಂದಿನ ಜೂನ್‌ನಲ್ಲಿ ಒಂದು ಮಧ್ಯಾಹ್ನ ಬಾಲ್ಕನಿ ಬಾಗಿಲು ಹಾಕಲು ಮರೆತು ಆಫೀಸಿಗೆ ಹೋಗಿದ್ದೆ. ಮಳೆ ಒಳಗೆ ಬಂದು ಕಾರ್ಪೆಟಿನ ಒಂದು ಅಂಚು ನೆನೆಯಿತು. ಸಂಜೆ ಬಾಗಿಲು ತೆಗೆದರೆ ಮನೆ ತುಂಬ ಸೈಕಲ್ ಟ್ಯೂಬಿನ ವಾಸನೆ. ಮೂರು ದಿನ ಒಣಗಿಸಿದರೂ ಹೋಗಲಿಲ್ಲ. ಎತ್ತಿ ನೋಡಿದರೆ ಕೆಳಗೆ ಟೈಲ್ಸಿನ ಮೇಲೆ ಸಣ್ಣ ರವೆಯ ಹಾಗೆ ಬಿಳಿ ಪುಡಿ.

ಗೆಳತಿಯೊಬ್ಬಳು ಕಾಶ್ಮೀರದ ರಫೂ ಕೆಲಸದವರ, ಅಂದರೆ ಹರಿದದ್ದನ್ನು ಎಳೆ ಸೇರಿಸಿ ಸರಿ ಮಾಡುವವರ, ನಂಬರ್ ಕೊಟ್ಟಳು. ಅರವತ್ತರ ಆಸುಪಾಸಿನವರು, ಬೆಂಗಳೂರಿನಲ್ಲಿ ಮೂವತ್ತು ವರ್ಷ ಇದ್ದು ಕನ್ನಡ ಚೆನ್ನಾಗಿ ಕಲಿತಿದ್ದಾರೆ. ಒಂದು ಸಣ್ಣ ಚೀಲ ಹಿಡಿದು ಬಂದರು. ಮೇಲ್ಭಾಗವನ್ನು ನೋಡಲೇ ಇಲ್ಲ. ನೇರವಾಗಿ ಕಾರ್ಪೆಟ್ ಮಗುಚಿ ಕೂತು, ‘ನಾಲ್ಕು ಹೊಲಿಗೆ ಬಿಚ್ಚಲಾ ಮೇಡಂ?’ ಅಂದರು. ಬಿಚ್ಚಿದರು. ಖಾಕಿ ಬಟ್ಟೆಯ ಕೆಳಗೆ ಬಲೆಬಲೆಯಂಥ ಇನ್ನೊಂದು ಬಟ್ಟೆ, ಅದರ ಮೇಲೆ ಒಣಗಿ ಉದುರುತ್ತಿದ್ದ ಅಂಟು.

‘ಇದರಲ್ಲಿ ಒಂದು ಗಂಟೂ ಇಲ್ಲ ಮೇಡಂ.’

ವಿಷಯ ಇಷ್ಟು. ಅಸಲಿ ಪರ್ಷಿಯನ್ ಅಂದರೆ ಕೈಯಲ್ಲಿ ಒಂದೊಂದೇ ಗಂಟು ಹಾಕಿ ನೇಯ್ದದ್ದು. ಇದು ಹಾಗಲ್ಲ. ಕೈಯಲ್ಲಿ ಹಿಡಿಯುವ ಒಂದು ಗನ್ನಿನಿಂದ ಉಣ್ಣೆಯ ಎಳೆಯನ್ನು ಬಟ್ಟೆಯೊಳಗೆ ಚುಚ್ಚುತ್ತಾ ಹೋಗುತ್ತಾರೆ. ಎಳೆ ಕಳಚಿಕೊಳ್ಳಬಾರದು ಅಂತ ಹಿಂದಿನಿಂದ ರಬ್ಬರಿನ ಹಾಲು ಬಳಿಯುತ್ತಾರೆ. ಅದು ಕಾಣಬಾರದು ಅಂತ ಮೇಲೊಂದು ಬಟ್ಟೆ. ಇದಕ್ಕೆ ಟಫ್ಟೆಡ್ ಅನ್ನುತ್ತಾರೆ. ಕೆಲಸದಲ್ಲಿ ಮೋಸವಿಲ್ಲ. ಕಡಿಮೆ ಬೆಲೆಗೆ ಬೆಚ್ಚಗಿನ ಕಾರ್ಪೆಟ್ ಬೇಕಾದವರಿಗೆ ಸರಿಯಾದ ವಸ್ತುವೇ. ಆದರೆ ಅಂಟು ಹತ್ತು ಹದಿನೈದು ವರ್ಷದಲ್ಲಿ ಪುಡಿಯಾಗುತ್ತದೆ. ಅದಕ್ಕೆ 80 ವರ್ಷ ವಯಸ್ಸು ಆಗುವುದು ಸಾಧ್ಯವೇ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ ‘ಡಿಸೈನ್ ಪರ್ಷಿಯನ್ ಅಂತ ಹೇಳಿದ್ದೆವು ಮೇಡಂ’ ಅನ್ನುವ ಉತ್ತರ ಬಂತು. ‘ಕಾರ್ಪೆಟ್ – 1’ ಅನ್ನುವ ಬಿಲ್ ಹಿಡಿದು ನಾನು ಏನಂತ ವಾದ ಮಾಡಲಿ?

ಅವತ್ತಿನಿಂದ ಹಠ ಹಿಡಿಯಿತು. ಎರಡು ವರ್ಷ ಒಂದೂ ಕಾರ್ಪೆಟ್ ಕೊಳ್ಳಲಿಲ್ಲ, ಸುಮ್ನೆ ನೋಡುತ್ತಾ ಓಡಾಡಿದೆ. ರಫೂ ಭಾಯಿಯ ಕೆಲಸದ ಕೋಣೆಯಲ್ಲಿ ಎಷ್ಟೋ ಶನಿವಾರ ಕೂತಿದ್ದೇನೆ. ಅಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಗೆ ಹಳೆಯ ರತ್ನಗಂಬಳಿ ಕೊಳ್ಳಬೇಕು ಅಂತ ಇರುವವರು ನನ್ನ ಹಾಗೆ ಚಹಾಕ್ಕೆ ಮರುಳಾಗದಿದ್ದರೆ ಸಾಕು.

ಮೊದಲು ವಯಸ್ಸಿನ ಮಾತು. ನೂರು ವರ್ಷ ದಾಟಿದ್ದು ಆಂಟಿಕ್, ಅದಕ್ಕಿಂತ ಚಿಕ್ಕದು ವಿಂಟೇಜ್ ಅನ್ನುವುದು ವ್ಯಾಪಾರದ ರೂಢಿ. ವಿಂಟೇಜ್ ಎಲ್ಲಿಂದ ಶುರು ಅನ್ನುವುದು ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ. ಕೆಲವರಿಗೆ 20 ವರ್ಷ, ಕೆಲವರಿಗೆ 30. ಆಂಟಿಕ್ ವಿಷಯದಲ್ಲಿ ಕಾನೂನೂ ಇದೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಹಳೆಯ ಇಂಥ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಲಂಡನ್ನಿನಲ್ಲಿರುವ ನನ್ನ ತಮ್ಮ ಒಮ್ಮೆ ಇಲ್ಲಿ ಒಂದು ಕಾರ್ಪೆಟ್ ನೋಡಿ ಆಸೆಪಟ್ಟ. ಅಂಗಡಿಯವರು ‘120 ವರ್ಷದ್ದು ಸರ್’ ಅಂದಿದ್ದರು. ವಿಮಾನದಲ್ಲಿ ಒಯ್ಯಬೇಕು ಅಂದ ಕೂಡಲೇ ಅದು 60 ವರ್ಷದ್ದಾಯಿತು! ಐದು ನಿಮಿಷದಲ್ಲಿ ಅರ್ಧ ವಯಸ್ಸು ಕಳೆದುಕೊಂಡ ಆ ಕಾರ್ಪೆಟ್ ನೆನೆದು ಈಗಲೂ ನಗುತ್ತೇವೆ. ಹಳೆಯದು ಒಯ್ಯಲೇಬೇಕಾದವರು ಪುರಾತತ್ವ ಇಲಾಖೆಯಿಂದ ‘ಇದು ಪುರಾತನ ವಸ್ತು ಅಲ್ಲ’ ಅನ್ನುವ ಪತ್ರ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೀಗಾಗಿ ಯಾರಾದರೂ ವರ್ಷ ಹೇಳಿದರೆ ನಾನು ತಲೆ ಆಡಿಸುತ್ತೇನೆ, ಅಷ್ಟೇ. ನನ್ನ ಕಣ್ಣು ಹಿಂಬದಿಯ ಮೇಲೆ.

ಕೈಯಲ್ಲಿ ಗಂಟು ಹಾಕಿದ ರತ್ನಗಂಬಳಿಗೆ ಹಿಂಬದಿಯೇ ವೋಚರ್. ಮಗ್ಗದ ಮೇಲೆ ಉದ್ದಕ್ಕೆ ಹಾಸಿನ ಎಳೆಗಳನ್ನು ಬಿಗಿದಿರುತ್ತಾರೆ. ಎರಡೆರಡು ಹಾಸಿನ ಎಳೆಗೆ ಒಂದೊಂದು ಉಣ್ಣೆಯ ಗಂಟು. ಒಂದು ಸಾಲು ಮುಗಿದ ಮೇಲೆ ಅಡ್ಡಕ್ಕೆ ಹೊಕ್ಕಿನ ದಾರ ಓಡಿಸಿ, ಕಬ್ಬಿಣದ ಹಣಿಗೆಯಿಂದ ತಟ್ಟಿ ಕೂರಿಸುತ್ತಾರೆ. ಹಾಗಾಗಿ ಮುಂದೆ ಇರುವ ಹೂವು, ಬಳ್ಳಿ, ಬಣ್ಣ ಎಲ್ಲವೂ ಹಿಂದೆಯೂ ಚುಕ್ಕಿ ಚುಕ್ಕಿಯಾಗಿ ಸ್ಪಷ್ಟವಾಗಿ ಕಾಣುತ್ತವೆ. ಚುಕ್ಕಿಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ಒಂದು ಸಾಲು ತುಸು ದಪ್ಪ, ಇನ್ನೊಂದು ತುಸು ಸೊಟ್ಟ. ಮಷಿನ್ನಿನದು ಗ್ರಾಫ್ ಹಾಳೆಯ ಹಾಗೆ ಇರುತ್ತದೆ. ಇನ್ನು ತುದಿಯ ಕುಚ್ಚು. ಅದು ಅಲಂಕಾರ ಅಂದುಕೊಂಡಿದ್ದೆ. ಅಲ್ಲ, ಅದು ಹಾಸಿನ ಎಳೆಗಳ ಕೊನೆ. ಕಾರ್ಪೆಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅದೇ ಎಳೆ ಓಡಿರಬೇಕು. ಕುಚ್ಚನ್ನು ಬೇರೆಯಾಗಿ ತಂದು ಹೊಲಿದಿದ್ದರೆ ಒಂದೋ ಅದು ಮಷಿನ್ನಿನದು, ಇಲ್ಲವೇ ತುದಿ ಹರಿದು ಹೋದ ಮೇಲೆ ಮಾಡಿದ ರಿಪೇರಿ. ಎರಡರಲ್ಲಿ ಯಾವುದು ಅಂತ ಕೇಳಬೇಕು.

ಗಂಟು ಎಣಿಸುವುದು ಸುಲಭ. ನನ್ನ ಪರ್ಸಿನಲ್ಲಿ ಈಗಲೂ ಆರು ಇಂಚಿನ ಸ್ಕೇಲ್ ಇದೆ. ಹಿಂಬದಿಯಲ್ಲಿ ಅಡ್ಡ ಒಂದು ಇಂಚಿಗೆ ಎಷ್ಟು, ಉದ್ದ ಒಂದು ಇಂಚಿಗೆ ಎಷ್ಟು ಅಂತ ಎಣಿಸಿ ಗುಣಿಸಿದರೆ ಚದರ ಇಂಚಿನ ಲೆಕ್ಕ ಸಿಗುತ್ತದೆ. ಕಾಶ್ಮೀರದ್ದರಲ್ಲಿ 18ಕ್ಕೆ 18, ಅಂದರೆ 324 ಸಾಮಾನ್ಯ. ಆದರೆ ಗಂಟು ಜಾಸ್ತಿ ಇದ್ದರೆ ಮಾಲು ಒಳ್ಳೆಯದು ಅನ್ನುವುದು ಅರ್ಧ ಸತ್ಯ. ವಾಯವ್ಯ ಇರಾನಿನ ಹೆರಿಜ್ ಕಡೆಯ ಕಾರ್ಪೆಟ್‌ಗಳಲ್ಲಿ ಚದರ ಇಂಚಿಗೆ ನೂರು ಗಂಟೂ ಇರುವುದಿಲ್ಲ. ದಪ್ಪ ದಪ್ಪ, ಒರಟು. ಆದರೂ ಮೂರು ತಲೆಮಾರು ತುಳಿದರೂ ಜಗ್ಗುವುದಿಲ್ಲ, ಜಗತ್ತಿನ ತುಂಬ ಅದನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ನಯವಾದ ರೇಷ್ಮೆಯದ್ದು ಗೋಡೆಗೆ ಚೆಂದ. ಹುಡುಗರು ಕೇರಂ ಬೋರ್ಡ್ ಎಳೆದಾಡುವ ಹಾಲಿಗಲ್ಲ.

ಕಾಶ್ಮೀರದ ಮಾತು ಬಂತು ಅಂತ ಒಂದು ಸಂಗತಿ ಹೇಳಿಬಿಡುತ್ತೇನೆ. ಅಲ್ಲಿ ನಕ್ಷೆಯನ್ನು ಚಿತ್ರದಲ್ಲಿ ಇಟ್ಟುಕೊಳ್ಳುವುದಿಲ್ಲ. ತಾಲೀಮ್ ಅನ್ನುವ ಉದ್ದನೆಯ ಕಾಗದದ ಪಟ್ಟಿಗಳಲ್ಲಿ ಸಂಕೇತದಲ್ಲಿ ಬರೆದಿರುತ್ತಾರೆ. ಯಾವ ಬಣ್ಣ, ಎಷ್ಟು ಗಂಟು, ಆಮೇಲೆ ಯಾವ ಬಣ್ಣ, ಎಷ್ಟು ಗಂಟು. ಅದನ್ನು ಓದುತ್ತಾ ನೇಯುತ್ತಾರೆ. ಭಾಯಿ ಹಳೆಯದೊಂದು ತುಂಡು ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಹೂವಿನ ತೋಟವನ್ನು ಯಾರೋ ಲೆಡ್ಜರಿನಲ್ಲಿ ಬರೆದಿಟ್ಟಿದ್ದಾರೆ! ಬೇರೆ ಯಾರಿಗೂ ಇದು ಅಷ್ಟು ಖುಷಿಯ ವಿಷಯ ಅಲ್ಲದಿರಬಹುದು.

ರೇಷ್ಮೆ ಅಂದೆನಲ್ಲ, ಅಲ್ಲೂ ಜೋಪಾನ. ‘ಆರ್ಟ್ ಸಿಲ್ಕ್’, ‘ಬಾಂಬೂ ಸಿಲ್ಕ್’ ಅನ್ನುವ ಹೆಸರಿನಲ್ಲಿ ಬರುವುದು ಬಹುತೇಕ ವಿಸ್ಕೋಸ್, ಅಂದರೆ ಮರದ ತಿರುಳಿನಿಂದ ಮಾಡಿದ ಕೃತಕ ಎಳೆ. ಫಳಫಳ ಹೊಳೆಯುತ್ತದೆ. ನೀರು ಬಿದ್ದ ಜಾಗ ಹಳದಿಯಾಗಿ ಒರಟಾಗುತ್ತದೆ. ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿದರೆ ಗೊತ್ತಾಗುತ್ತದೆ. ಉಣ್ಣೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಹತ್ತಿ, ವಿಸ್ಕೋಸ್ ಆದರೆ ಕಾಗದ ಸುಟ್ಟ ವಾಸನೆ. ಮಾರುವವರನ್ನು ಕೇಳಿಯೇ ಸುಡಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಬಣ್ಣದ ವಿಷಯ ನನಗೆ ತುಂಬ ಇಷ್ಟ. ಹಳೆಯ ಕಾಲದ ಕೆಂಪು ಮಂಜಿಷ್ಠದ ಜಾತಿಯ ಬೇರಿನಿಂದ, ನೀಲಿ ನೀಲಿಗಿಡದಿಂದ, ಹಳದಿಗೆ ದಾಳಿಂಬೆ ಸಿಪ್ಪೆ ಮತ್ತು ಬೇರೆ ಬೇರೆ ಗಿಡ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಅಲ್ಲಿಂದ ರಾಸಾಯನಿಕ ಬಣ್ಣಗಳ ಹೊಳೆಯೇ ಹರಿಯಿತು. ಕೆಲವೇ ದಶಕಗಳಲ್ಲಿ ಅವು ಇರಾನಿನ, ಟರ್ಕಿಯ ಮಗ್ಗಗಳಿಗೂ ಬಂದವು. ಹಾಗಾಗಿ ‘ಕೆಮಿಕಲ್ ಬಣ್ಣ ಇದ್ದರೆ ಹೊಸದು’ ಅನ್ನುವ ಮಾತು ತಪ್ಪು. ನೂರು ವರ್ಷ ಹಳೆಯದರಲ್ಲೂ ಅದು ಇರಬಹುದು.

ನಾನು ಮಾಡುವುದು ಇಷ್ಟು. ಉಣ್ಣೆಯನ್ನು ಎರಡು ಹೆಬ್ಬೆರಳಿನಿಂದ ಬಗೆದು, ತಾಯಿ ಮಗಳ ತಲೆಯಲ್ಲಿ ಹೇನು ನೋಡುವ ಹಾಗೆ, ಬುಡ ನೋಡುತ್ತೇನೆ. ತುದಿ ತಿಳಿ, ಬುಡ ತುಸು ಗಾಢ, ನಡುವೆ ಮೆಲ್ಲಗೆ ಇಳಿದಿದ್ದರೆ ಅದು ವರ್ಷಗಳ ಬಿಸಿಲು. ತುದಿ ಕಂದು, ಕೆಳಗೆ ಒಮ್ಮೆಲೇ ಕಣ್ಣು ಕುಕ್ಕುವ ಬಣ್ಣ ಇದ್ದರೆ ಯಾರೋ ಹಳೆಯದು ಮಾಡಲು ಚಹಾದ ನೀರಿನಲ್ಲಿಯೋ ಕೆಮಿಕಲ್ಲಿನಲ್ಲಿಯೋ ಅದ್ದಿದ್ದಾರೆ. ಆಮೇಲೆ ಬಿಳಿ ಕರವಸ್ತ್ರ ಒದ್ದೆ ಮಾಡಿ ಕೆಂಪಿನ ಮೇಲೆ ಉಜ್ಜುತ್ತೇನೆ. ಬಣ್ಣ ಹತ್ತಿದರೆ ಅಲ್ಲಿಗೆ ಮಾತು ಮುಗಿಯಿತು. ಒಂದೇ ನೀಲಿ ಪಟ್ಟೆ ಪಟ್ಟೆಯಾಗಿ ಬೇರೆ ಬೇರೆ ಛಾಯೆಯಲ್ಲಿ ಇದ್ದರೆ ಮಾತ್ರ ಹೆದರಬೇಡಿ. ಒಂದು ಸಲ ಅದ್ದಿದ ಉಣ್ಣೆ ಮುಗಿದು ಮುಂದಿನ ಸಲ ಅದ್ದಿದ್ದು ತುಸು ಬೇರೆ ಬಂದಿದೆ, ಅಷ್ಟೇ. ಅದಕ್ಕೆ ಅಬ್ರಾಶ್ ಅನ್ನುತ್ತಾರೆ. ನನ್ನ ಕಣ್ಣಿಗೆ ಅದು ಧಾರವಾಡದ ಜೂನ್ ಆಕಾಶದ ಹಾಗೆ ಕಾಣುತ್ತದೆ. ಕಪ್ಪು ಅಥವಾ ಕಡು ಕಂದು ಬಣ್ಣದ ಭಾಗ ಮಾತ್ರ ತಗ್ಗಾಗಿ ಸವೆದಿದ್ದರೆ ಅದೂ ವಯಸ್ಸಿನ ಗುರುತು. ಕಪ್ಪು ಬರಲು ಹಾಕಿದ ಕಬ್ಬಿಣದ ಅಂಶ ನಿಧಾನಕ್ಕೆ ಉಣ್ಣೆಯನ್ನು ತಿಂದಿರುತ್ತದೆ.

ಇನ್ನು ಕಿವಿ. ಹಳೆಯ ಕಾರ್ಪೆಟಿನ ಒಂದು ಮೂಲೆ ಮಡಿಸಿ ಮೆಲ್ಲಗೆ ಒತ್ತಿ. ಚಟ್ ಚಟ್ ಅಂತ ಹಪ್ಪಳ ಮುರಿದ ಸದ್ದು ಬಂದರೆ ಒಳಗಿನ ಹತ್ತಿಯ ಹಾಸು ತೇವದಿಂದ ಕೊಳೆತು ಒಣಗಿದೆ. ಮೇಲೆ ಎಷ್ಟೇ ಚೆಂದ ಇರಲಿ, ಬಿಟ್ಟು ಬನ್ನಿ. ಮಲೆನಾಡಿನ, ಕರಾವಳಿಯ ಮನೆಗಳಿಂದ ಬಂದದ್ದರಲ್ಲಿ ಇದನ್ನು ಮರೆಯದೆ ನೋಡಬೇಕು. ಮಂಚದ ಕೆಳಗೆ, ಸೋಫಾದ ಕೆಳಗೆ ಇದ್ದ ಭಾಗದಲ್ಲಿ ಉಣ್ಣೆ ತಿನ್ನುವ ಹುಳದ ಕಾಟ ಇರುತ್ತದೆ. ಕತ್ತಲು, ದೂಳು, ಯಾರೂ ತುಳಿಯದ ಜಾಗ ಅಂದರೆ ಅದಕ್ಕೆ ಹಬ್ಬ. ಉಣ್ಣೆ ತಿಂದು ಹತ್ತಿಯ ಹಾಸು ಬಿಟ್ಟಿರುತ್ತದೆ, ಬೋಳು ಕಾಣುತ್ತದೆ.

ಸೊಟ್ಟ ಇದೆಯೇ ಅಂತ ನೋಡಲು ಅವ್ವ ಬೈಯುವ ಈ ಟೈಲ್ಸೇ ಸಾಕು. ಎರಡು ಅಡಿ ಚೌಕದ ಟೈಲ್ಸಿನ ಗೆರೆಗೆ ಅಂಚು ಹೊಂದಿಸಿ ಹಾಸಿದರೆ ಎಲ್ಲಾ ಗೊತ್ತಾಗುತ್ತದೆ. ಒಂದೆರಡು ಇಂಚು ಹೆಚ್ಚು ಕಡಿಮೆ ಇರಲಿ, ಕೈಕೆಲಸ. ಮಧ್ಯದಲ್ಲಿ ಅಲೆ ಎದ್ದು ನಿಂತರೆ ಕಾಲು ತಾಗಿ ಬೀಳುವವರು ಮನೆಯ ಹಿರಿಯರು.

ಅಳತೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ಪೇಪರುಗಳನ್ನು ಜೋಡಿಸಿ ಅಷ್ಟಗಲ ಹಾಸಿ ಒಂದು ದಿನ ಅದರ ಸುತ್ತ ಓಡಾಡಿ ನೋಡಿ. ಸಾಕು.

ರಿಪೇರಿ ಆದದ್ದು ಬೇಡ ಅನ್ನುವವರಿಗೆ ಒಂದು ಕಥೆ. ತಮ್ಮನ ಮನೆಗೆ ಹೋದಾಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಇರಾನಿನ ಹೆಸರಾಂತ ಅರ್ದಬಿಲ್ ಕಾರ್ಪೆಟ್ ನೋಡಿದೆ. ಹತ್ತು ಮೀಟರಿಗೂ ಉದ್ದ, ಐದು ಮೀಟರಿಗೂ ಅಗಲ. ನೇಯ್ದವರು ಅದರಲ್ಲೇ ವರ್ಷ ಬರೆದಿದ್ದಾರೆ, ಹಿಜರಿ 946, ಅಂದರೆ 1539–40. ಬಣ್ಣ ಮಾಸಬಾರದು ಅಂತ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ನಾನು ಮೂರು ಸಲ ದೀಪ ಹತ್ತುವ ತನಕ ಕೂತಿದ್ದೆ, ತಮ್ಮ ಎದುರಿನ ಬೆಂಚಿನ ಮೇಲೆ ನಿದ್ದೆ ಹೊಡೆದ. 1893ರಲ್ಲಿ ಮ್ಯೂಸಿಯಂ ಇದನ್ನು 2,000 ಪೌಂಡ್ ಕೊಟ್ಟು ಕೊಂಡಿತು. ಇದಕ್ಕೊಂದು ಜೋಡಿ ಇತ್ತು. ಇದರ ಹರಿದ ಭಾಗಗಳಿಗೆ ಆ ಜೋಡಿಯಿಂದಲೇ ತುಂಡು ತೆಗೆದು ತೇಪೆ ಹಾಕಲಾಗಿದೆ. ಜೋಡಿಯಲ್ಲಿ ಉಳಿದದ್ದು ಈಗ ಅಮೆರಿಕದ ಲಾಸ್ ಏಂಜಲೀಸ್ ಮ್ಯೂಸಿಯಮ್ಮಿನಲ್ಲಿದೆ. ಜಗತ್ತಿನ ದೊಡ್ಡ ಹೆಸರಿನ ಕಾರ್ಪೆಟ್ಟೇ ತೇಪೆಯದ್ದು! ತೇಪೆ ಇದ್ದರೆ ನನ್ನ ಅಡ್ಡಿ ಇಲ್ಲ. ತೇಪೆ ಮುಚ್ಚಿಟ್ಟರೆ ಅಡ್ಡಿ ಇದೆ.

ಕೊನೆಗೂ ನಾನು ಕೊಂಡದ್ದು ಅಂಗಡಿಯಿಂದಲ್ಲ. ಕಂಟೋನ್ಮೆಂಟ್ ಕಡೆ ಒಂದು ಹಳೆಯ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರಿದ್ದರು. ಸಾಮಾನು ಮಾರುತ್ತಿದ್ದಾರೆ ಅಂತ ಭಾಯಿಯೇ ಹೇಳಿದರು. ಮನೆಯೊಡತಿ ಎಂಬತ್ತರ ಆಂಟಿ. ಕುರ್ಚಿ, ಗಡಿಯಾರ, ತಾಮ್ರದ ಹಂಡೆಯ ನಡುವೆ 9ಕ್ಕೆ 6 ಅಡಿಯ ಕಡುಕೆಂಪು ಕಾರ್ಪೆಟ್ ಸುತ್ತಿ ನಿಲ್ಲಿಸಿದ್ದರು. ಬಿಚ್ಚಿದರೆ ಸಾಲು ಸಾಲಾಗಿ ಎಂಟು ಮೂಲೆಯ ಗುಂಡು ಆಕಾರಗಳು. ವ್ಯಾಪಾರದಲ್ಲಿ ಇದಕ್ಕೆ ಆನೆ ಹೆಜ್ಜೆ ಅನ್ನುತ್ತಾರೆ. ಬೊಖಾರಾ ಡಿಸೈನ್.

ಬೊಖಾರಾ ಉಜ್ಬೇಕಿಸ್ತಾನದ ಊರು. ಆದರೆ ಈ ನಕ್ಷೆ ಆ ಊರಿನದಲ್ಲ, ಸುತ್ತಲಿನ ತುರ್ಕಮನ್ ಜನರದು. ಅವರು ನೇಯ್ದದ್ದು ಬೊಖಾರಾ ಸಂತೆಯಲ್ಲಿ ಮಾರಾಟವಾಗಿ ಊರಿನ ಹೆಸರು ಅಂಟಿಕೊಂಡಿತು. ನಮ್ಮ ಕಡೆ ಯಾವ ಹೊಲದ ಮೆಣಸಿನಕಾಯಿಯೂ ಬ್ಯಾಡಗಿ ಮಾರುಕಟ್ಟೆ ದಾಟಿ ‘ಬ್ಯಾಡಗಿ’ ಆಗುವುದಿಲ್ಲವೇ, ಹಾಗೆ.

‘ನಮ್ಮ ಯಜಮಾನರು ಅಂಬಾಲಾದಲ್ಲಿ ಪೋಸ್ಟಿಂಗ್ ಇದ್ದಾಗ ತಂದದ್ದು. ಅರವತ್ತರ ದಶಕ ಇರಬೇಕು. ಪರ್ಷಿಯನ್ ಅಂತಿದ್ದರು’ ಅಂದರು ಆಂಟಿ. ನಾನು ನೆಲಕ್ಕೆ ಮಂಡಿ ಊರಿ ಮಗುಚಿದೆ. ಗಂಟು ಕೈಯದ್ದೇ. ಹಾಸು ಹತ್ತಿಯದು. ತುರ್ಕಮನ್ ಡೇರೆಗಳಲ್ಲಿ ನೇಯ್ದದ್ದಾದರೆ ಹಾಸೂ ಉಣ್ಣೆಯದೇ ಇರುತ್ತದೆ. ಬಿಳಿ ಹತ್ತಿಯ ಹಾಸು ಅಂದರೆ ಕಾರ್ಖಾನೆಯ ಮಗ್ಗ. ಭಾಯಿ ಮುಟ್ಟಿ ನೋಡಿ ‘ಅಮೃತಸರ’ ಅಂದರು. ಅಲ್ಲಿ 19ನೇ ಶತಮಾನದಲ್ಲಿ ಕಾಶ್ಮೀರಿ ಶಾಲು ನೇಯುವವರು ನೆಲೆಸಿದ್ದರು. 1870ರ ದಶಕದಲ್ಲಿ ಯುರೋಪಿನಲ್ಲಿ ಶಾಲಿನ ವ್ಯಾಪಾರ ಬಿದ್ದುಹೋದಾಗ ಹೊಟ್ಟೆಪಾಡಿಗೆ ಕಾರ್ಪೆಟ್ಟಿಗೆ ತಿರುಗಿದರು. ಬೊಖಾರಾ ಡಿಸೈನಿಗೆ ಆ ಊರು ಮುಂದೆ ಹೆಸರಾಯಿತು. ಅಂಬಾಲಾದಿಂದ ಅಮೃತಸರ ದೂರವೇನಲ್ಲ. ಆಂಟಿಯ ಮಾತಿಗೂ ಹಿಂಬದಿಯ ಗಂಟಿಗೂ ತಾಳೆ ಬಿತ್ತು. ನನಗೆ ಬೇಕಾದದ್ದು ಅದೇ. ಪರ್ಷಿಯನ್ ಅಲ್ಲ ಅಂತ ಆಂಟಿಗೆ ಹೇಳಿದೆ. ‘ಪಾಪ, ಅವರು ಹೋಗುವ ತನಕ ಪರ್ಷಿಯನ್ ಅಂತಲೇ ನಂಬಿದ್ದರು’ ಅಂತ ನಕ್ಕರು.

ದೋಷಗಳೂ ಇದ್ದವು. ದಿವಾನದ ಕೆಳಗಿದ್ದ ಕಡೆ ಅಂಗೈಯಗಲ ಹುಳ ತಿಂದಿತ್ತು. ಒಂದು ಮೂಲೆಯನ್ನು ಯಾವುದೋ ಕಾಲದ ನಾಯಿ ಕಡಿದಿತ್ತು. ಎರಡೂ ಕಡೆಯ ಕುಚ್ಚು ಸವೆದಿತ್ತು. 30,000 ಕೇಳಿದರು, 22,000ಕ್ಕೆ ಒಪ್ಪಿದರು. ತೊಳೆಸಿ ರಫೂ ಮಾಡಿಸಲು 9,000. ಈ ಸಲ ರಸೀದಿಯಲ್ಲಿ ಅಳತೆ, ಉಣ್ಣೆ, ಹತ್ತಿಯ ಹಾಸು, ಕೈಗಂಟು, ಎಲ್ಲಿ ಎಷ್ಟು ರಿಪೇರಿ, ಎಲ್ಲವನ್ನೂ ಬರೆಸಿಕೊಂಡೆ. ರಾತ್ರಿ ಕೂತು ಲೆಕ್ಕ ಹಾಕಿದೆ. ಅಡ್ಡ 11, ಉದ್ದ 12, ಚದರ ಇಂಚಿಗೆ 132 ಗಂಟು. 54 ಚದರ ಅಡಿಗೆ 10,26,432. ಒಬ್ಬರು ದಿನಕ್ಕೆ 8,000 ಗಂಟು ಹಾಕಿದರು ಎಂದಿಟ್ಟುಕೊಂಡರೂ 128 ದಿನ. ಯಾರದೋ ನಾಲ್ಕು ತಿಂಗಳ ಮೇಲೆ ನಾನು ಕಾಲು ಚಾಚಿ ಟಿವಿ ನೋಡುತ್ತೇನೆ.

ನಮ್ಮ ಮನೆಗಳಲ್ಲಿ ಹಳೆಯ ಕಾರ್ಪೆಟಿಗೆ ಒಂದು ಅನುಕೂಲ ಇದೆ. ಚಪ್ಪಲಿ ಹೊರಗೆ ಬಿಡುತ್ತೇವೆ. ಬರಿಗಾಲಿಗೆ ಉಣ್ಣೆ ಸವೆಯುವುದಿಲ್ಲ, ಮೆರುಗೇ ಬರುತ್ತದೆ. ಅದರ ಶತ್ರು ದಿನಾ ಬೆಳಗಿನ ಒದ್ದೆ ಮಾಪು. ಕೆಲಸಕ್ಕೆ ಬರುವ ಅಕ್ಕ ಅಂಚಿನ ತನಕ ಒರೆಸುತ್ತಾರೆ, ಕುಚ್ಚು ದಿನಾ ನೆನೆಯುತ್ತದೆ, ಹತ್ತಿ ಕೊಳೆಯುತ್ತದೆ. ಈಗ ಮೊದಲು ನಾಲ್ಕೂ ಅಂಚು ಒಳಗೆ ಮಡಿಸಿ, ಒರೆಸಿ, ನೆಲ ಪೂರ್ತಿ ಆರಿದ ಮೇಲೆ ಬಿಡಿಸುತ್ತೇವೆ. ‘ಇದೊಂದು ಕಾರ್ಪೆಟ್ ಬಂದಾಗಿಂದ ನನ್ನ ಹತ್ತು ನಿಮಿಷ ಹೋಯ್ತು ಮೇಡಂ’ ಅನ್ನುತ್ತಾರೆ. ನಿಜ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ತಲೆ ಕಡೆ ಬಾಲ ಕಡೆ ಅದಲು ಬದಲು ಮಾಡಿ ಹಾಸುತ್ತೇನೆ, ಕಿಟಕಿಯ ಬಿಸಿಲು ಒಂದೇ ಕಡೆ ಬೀಳಬಾರದಲ್ಲ. ಅವ್ವನಿಗೆ ಮಾತ್ರ ಅದನ್ನು ಮಾಳಿಗೆಯ ಗೋಡೆಗೆ ಹಾಕಿ ಕೋಲಿನಿಂದ ಬಡಿಯುವ ಆಸೆ. ಹಾಗೆ ಬಡಿದರೆ ಹಳೆಯ ಹಾಸು ಹರಿಯುತ್ತದೆ ಅಂತ ಎಷ್ಟು ಸಲ ಹೇಳಿದರೂ ‘ಬಡೀಲಿಲ್ಲಂದ್ರ ಧೂಳಾ ಹೆಂಗ ಹೋಗಬೇಕು?’

ಬಡಿಯಲು ಅವ್ವನಿಗೆ ಒಂದು ಗಂಬಳಿ ಇತ್ತು ಅನ್ನಿ. ಧಾರವಾಡದ ಅಟ್ಟದ ಮೇಲೆ, ನಮ್ಮ ಅಜ್ಜಿಯ ಜಮಖಾನ. ಕೆಂಪು, ಕಪ್ಪು, ಹಳದಿ, ನಡುವೆ ಪಗಡೆ ಹಾಸಿನ ನಕ್ಷೆ. ಅಪ್ಪನ ಮುಂಜಿವೆಯಲ್ಲಿ ಹಾಸಿದ್ದಂತೆ. ‘ನವಲಗುಂದದ್ದು’ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದರ ಒಂದು ತುದಿ ಬಿಚ್ಚಿಕೊಳ್ಳುತ್ತಿತ್ತು. ಹೋದ ಚಳಿಗಾಲದಲ್ಲಿ ಅವ್ವನನ್ನೂ ಜಮಖಾನವನ್ನೂ ಕಾರಿನಲ್ಲಿ ಹಾಕಿಕೊಂಡು ನವಲಗುಂದಕ್ಕೆ ಹೋದೆ. ಧಾರವಾಡದಿಂದ ಒಂದು ತಾಸಿನ ದಾರಿ, ಎರಡೂ ಕಡೆ ಕಪ್ಪು ಹೊಲ.

ಹೋಳಿಯ ರಾಮಲಿಂಗ ಕಾಮಣ್ಣನಿಂದ, 1980ರ ರೈತ ಬಂಡಾಯದಿಂದ ಈ ಊರು ಬಹಳ ಜನಕ್ಕೆ ಗೊತ್ತು. ಜಮಖಾನ ಗಲ್ಲಿ ಗೊತ್ತಿರುವವರು ಕಡಿಮೆ. ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದಿಂದ ಬಂದ ನೇಕಾರರು ಇಲ್ಲಿ ನಿಂತರು ಅಂತ ಹೇಳುತ್ತಾರೆ. ನೇಯುವವರೆಲ್ಲ ಹೆಂಗಸರು. ಗೋಡೆಗೆ ಒರಗಿದ ಹಾಗೆ ನೆಟ್ಟಗೆ ನಿಲ್ಲಿಸಿದ ಮಗ್ಗ, ಅದರ ಮುಂದೆ ಕೂತು ನೇಯುತ್ತಾರೆ. ವಿದ್ಯೆಯನ್ನು ಸೊಸೆಗೆ ಕಲಿಸುತ್ತಾರಂತೆ, ಮಗಳಿಗಲ್ಲ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಕಸುಬೂ ಹೋಗುತ್ತದಲ್ಲ. ನವಲಗುಂದದ ಜಮಖಾನಕ್ಕೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನುವ ಸರಕಾರಿ ಗುರುತು, ಸಿಕ್ಕಿದೆ. ಆದರೆ ನೇಯುವ ಮನೆಗಳು ಬೆರಳೆಣಿಕೆಗೆ ಬಂದಿವೆ.

ನಾವು ಹೋದ ಮನೆಯಲ್ಲಿ ವಯಸ್ಸಾದ ಒಬ್ಬರು ಮಗ್ಗದ ಮುಂದೆ ಕೂತಿದ್ದರು. ಮಗ್ಗದ ಮೇಲೆ ನವಿಲು ಅರ್ಧಕ್ಕೆ ಬಂದಿತ್ತು. ಅಜ್ಜಿಯ ಜಮಖಾನ ಬಿಚ್ಚಿ ಹಾಸಿದೆ. ಅಭ್ಯಾಸಬಲದಿಂದ ಮಗುಚಿ ಹಿಂಬದಿ ತೋರಿಸಿದೆ. ಅವರು ನಕ್ಕರು.

‘ಜಮಖಾನಕ್ಕ ಹಿಂದ ಮುಂದ ಎಲ್ಲೈತಿ ಬಾಯಿ? ಎರಡೂ ಕಡೆ ಒಂದ.’

ಹೌದಲ್ಲ! ಇದರಲ್ಲಿ ಗಂಟಿಲ್ಲ, ಬಣ್ಣದ ಹೊಕ್ಕೇ ನಕ್ಷೆ. ಎರಡೂ ಬದಿ ಒಂದೇ. ಇಷ್ಟು ವರ್ಷ ಕಲಿತ ಜಾಣತನಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ಆಮೇಲೆ ಅವರು ಕೈಯಾಡಿಸುತ್ತಾ ನಡುಭಾಗಕ್ಕೆ ಬಂದರು. ಬೆರಳು ನಿಂತಿತು. ಉದ್ದಕ್ಕೂ ಒಂದು ಸಣ್ಣ ಹೊಲಿಗೆ, ಎರಡು ಪಟ್ಟಿ ಜೋಡಿಸಿದ್ದು. ಐವತ್ತು ವರ್ಷ ಅದರ ಮೇಲೆ ಆಡಿ, ಮಲಗಿ, ಊಟ ಮಾಡಿದ ನಾನು ನೋಡಿರಲಿಲ್ಲ.

‘ಇದು ನಮ್ಮ ಗಲ್ಲೀದಲ್ಲ. ನಾವು ಒಂದ ತುಂಡ ನೇಯತೀವಿ. ಇದು ಸಣ್ಣ ಮಗ್ಗದ್ದು, ನಡಕ ಹೊಲಿದಾರ. ಚಲೋ ಐತಿ, ಆದ್ರ ನಮ್ಮದಲ್ಲ.’

ತುದಿ ಮಾತ್ರ ಚೆನ್ನಾಗಿ ಕಟ್ಟಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ನಾನು ಒಂದು ನವಿಲಿನ ಜಮಖಾನಕ್ಕೆ ಮುಂಗಡ ಕೊಟ್ಟು ಬಂದೆ.

ಕಾರಿನಲ್ಲಿ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಅಣ್ಣಿಗೇರಿ ಕಡೆಯ ಕ್ರಾಸ್ ದಾಟಿದ ಮೇಲೆ, ‘ಅಕಿಗೇನ್ ಗೊತ್ತು? ನಮ್ಮತ್ತಿ ಸುಳ್ಳ ಹೇಳತಾಳೇನು?’ ಅಂದಳು.

ಈಗ ಅಮೃತಸರದ್ದು ಹಾಲಿನಲ್ಲಿ, ಅಜ್ಜಿಯ ಜಮಖಾನ ಅವ್ವನ ಕೋಣೆಯಲ್ಲಿ. ಯಾರೇ ಬಂದರೂ ಅವ್ವ ಅವರನ್ನು ಒಳಗೆ ಕರೆದುಕೊಂಡು ಹೋಗಿ, ಕಾಲ್ತುದಿಯಿಂದ ಪಗಡೆಯ ಮನೆಗಳನ್ನು ತೋರಿಸಿ, ‘ನವಲಗುಂದದ್ದು. ನಮ್ಮತ್ತೀದು. ಈಗ ಇಂಥಾವು ಎಲ್ಲಿ ಬರಬೇಕು?’ ಅನ್ನುತ್ತಾಳೆ. ಹಾಗೆ ಹೇಳುವಾಗ ಒಮ್ಮೆ ನನ್ನ ಕಡೆ ನೋಡುತ್ತಾಳೆ.

ನಾನು ಚಹಾ ಇಡಲು ಅಡಿಗೆ ಮನೆಗೆ ಹೋಗುತ್ತೇನೆ.